ಶಬ್ಲಿ ವೈನ್ ಸವಿಯಬೇಕೇ? ಹುಳಿಯಿಂದ ಶುರು ಮಾಡಿ

ಬೆಂಗಳೂರಿಂದಲೋ ಶಿರಸಿಯಿಂದಲೋ ಬಂದ ನೆಂಟರಿಗೆ ಶಬ್ಲಿ ಎಂಬ ಫ್ರಾನ್ಸಿನ ಬಿಳಿ ವೈನ್ ಸುರಿದು ಕೊಟ್ಟರೆ ಮೊದಲ ಗುಟುಕಿಗೇ ಬರುವ ಮಾತು ಒಂದೇ: "ಅಯ್ಯೋ, ಏನು ಹುಳಿ!" ಅವರು ಹೇಳುವುದು ಸರಿ. ಶಬ್ಲಿ ಹುಳಿ ವೈನೇ. ಆದರೆ ಅಷ್ಟು ಹೇಳಿ ಗ್ಲಾಸ್ ಕೆಳಗಿಟ್ಟುಬಿಡುತ್ತಾರಲ್ಲ, ಅದು ನನಗೆ ಬೇಸರದ ವಿಷಯ. ಹುಣಸೆ, ನಿಂಬೆ, ಮಾವಿನಕಾಯಿ, ಮುರುಗಲು, ಕಂಚಿಕಾಯಿ, ಹುಳಿ ಮಜ್ಜಿಗೆ, ಇಷ್ಟು ಬಗೆಯ ಹುಳಿ ಉಂಡು ಬೆಳೆದವರು ನಾವು. ಒಂದರ ಹುಳಿ ಇನ್ನೊಂದರ ಹಾಗಿಲ್ಲ ಅಂತ ನಮ್ಮ ನಾಲಿಗೆಗೆ ಯಾರೂ ಪಾಠ ಮಾಡಬೇಕಿಲ್ಲ. ಶಬ್ಲಿ ಅರ್ಥವಾಗಲು ಬೇಕಾದದ್ದು ಮುಖ್ಯವಾಗಿ ಅದೇ ನಾಲಿಗೆ. ಹೂವು, ಹಣ್ಣು, ಕಲ್ಲು ಅಂತ ಪುಸ್ತಕದಲ್ಲಿ ಬರೆದ ಪರಿಮಳದ ಪಟ್ಟಿ ಆಮೇಲೆ ಬಂದರೂ ನಡೆಯುತ್ತದೆ.

ನಾನಿರುವುದು ಫ್ರಾನ್ಸಿನ ಓಸೇರ್ ಎಂಬ ಊರಲ್ಲಿ. ಅಲ್ಲಿಂದ ಶಬ್ಲಿ ಪಟ್ಟಣಕ್ಕೆ ಕಾರಲ್ಲಿ ಅರ್ಧ ಗಂಟೆಯೂ ಬೇಡ. ಊರಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಅವರಿಗೆ ಹೇಳಿಕೊಡುವ ರೀತಿಯಲ್ಲೇ ಇಲ್ಲೂ ಬರೆಯುತ್ತಿದ್ದೇನೆ.

ಶಬ್ಲಿ ಅನ್ನುವುದು ಊರಿನ ಹೆಸರೂ ಹೌದು, ವೈನಿನ ಹೆಸರೂ ಹೌದು. ಬರ್ಗಂಡಿ ಸೀಮೆಯ ಬಡಗಣ ತುದಿಯಲ್ಲಿ, ಸೆರಾಂ ಎಂಬ ಸಣ್ಣ ಹೊಳೆಯ ಎರಡೂ ದಡದ ಗುಡ್ಡಗಳ ಮೇಲೆ ಇದರ ದ್ರಾಕ್ಷಿ ತೋಟಗಳಿವೆ. ದ್ರಾಕ್ಷಿ ಒಂದೇ ಜಾತಿ, ಶಾರ್ಡೊನೆ. ಬೇರೆ ಜಾತಿ ಬೆರೆಸುವ ಹಾಗಿಲ್ಲ. 1938ರಿಂದ ಈ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಇದು ಒಣ ವೈನ್, ಅಂದರೆ ದ್ರಾಕ್ಷಿಯ ಸಕ್ಕರೆ ಬಹುತೇಕ ಎಲ್ಲವೂ ಆಲ್ಕೋಹಾಲ್ ಆಗಿಬಿಟ್ಟಿರುತ್ತದೆ. ಸಿಹಿ ಅಂತ ನಾಲಿಗೆಗೆ ತಿಳಿಯುವಷ್ಟು ಏನೂ ಉಳಿದಿರುವುದಿಲ್ಲ. ಆಲ್ಕೋಹಾಲ್ ಸಾಮಾನ್ಯವಾಗಿ ಶೇಕಡಾ 12ರಿಂದ 13.

ಹುಳಿ ಎಲ್ಲಿಂದ ಬಂತು? ಚಳಿಯಿಂದ. ದ್ರಾಕ್ಷಿ ಕಾಯಿಯಾಗಿದ್ದಾಗ ಅದರ ತುಂಬ ಹುಳಿಯೇ. ಹಣ್ಣಾಗುತ್ತಾ ಬಂದ ಹಾಗೆ ಹಸಿ ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲವನ್ನು ಕಾಯಿ ತಾನೇ ಕರಗಿಸಿಕೊಳ್ಳುತ್ತದೆ. ಬಿಸಿಲು, ಸೆಕೆ ಜಾಸ್ತಿ ಇದ್ದರೆ ಬೇಗ ಕರಗುತ್ತದೆ. ನಮ್ಮ ನಂದಿ ಬೆಟ್ಟದ ಸುತ್ತಿನ ತೋಟಗಳಲ್ಲಿ ದ್ರಾಕ್ಷಿ ಕೊಯ್ಯುವುದು ಬೇಸಿಗೆ ಹತ್ತಿರವಾಗುವ ಫೆಬ್ರವರಿ, ಮಾರ್ಚಿನಲ್ಲಿ. ಅಲ್ಲಿ ಹುಳಿ ಉಳಿಸಿಕೊಳ್ಳುವುದೇ ವೈನ್ ಮಾಡುವವರಿಗೆ ದೊಡ್ಡ ಕೆಲಸ. ಶಬ್ಲಿಯಲ್ಲಿ ಕೊಯ್ಲು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಆಗ ರಾತ್ರಿಗಳು ತಣ್ಣಗಾಗಿರುತ್ತವೆ, ಹುಳಿ ಹಣ್ಣಲ್ಲೇ ನಿಲ್ಲುತ್ತದೆ.

ಮೊದಲು ಮೂರು ಬಟ್ಟಲು

ಬಾಟಲಿ ತೆರೆಯುವ ಮೊದಲು ಅಡುಗೆಮನೆಯಲ್ಲಿ ಒಂದು ಸಣ್ಣ ಕೆಲಸ ಮಾಡಿ. ಬಂದವರಿಗೆಲ್ಲ ನಾನು ಇದನ್ನು ಮಾಡಿಸುತ್ತೇನೆ. ಇದು ವೈನ್ ಶಾಲೆಯ ಪಾಠಕ್ಕಿಂತ ಬೇಗ ತಲೆಗೆ ಹತ್ತುತ್ತದೆ.

ಒಂದು ಬಟ್ಟಲಲ್ಲಿ ತೆಳ್ಳಗಿನ ಹುಣಸೆ ನೀರು. ಬೆಲ್ಲ ಬೇಡ, ಉಪ್ಪು ಬೇಡ. ಇನ್ನೊಂದರಲ್ಲಿ ಹಸಿರು ಸೇಬಿನ ಹೋಳು. ಮೂರನೆಯದರಲ್ಲಿ ಹುಳಿ ಮೊಸರಿನ ಮೇಲೆ ನಿಲ್ಲುವ ತಿಳಿನೀರು.

ಹುಣಸೆಯ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯ ಮುಖ್ಯ ಆಮ್ಲವೂ ಅದೇ. ಸೇಬಿನದು ಮ್ಯಾಲಿಕ್, ಮೊಸರಿನದು ಲ್ಯಾಕ್ಟಿಕ್. ಈ ಮೂರೂ ಶಬ್ಲಿಯಲ್ಲಿ ಇರುತ್ತವೆ. ಒಂದೊಂದನ್ನೇ ಬಾಯಿಗೆ ಹಾಕಿ, ಮಧ್ಯೆ ನೀರು ಕುಡಿಯಿರಿ. ಹುಣಸೆ ನೀರು ಗಟ್ಟಿಯಾಗಿ, ನೇರವಾಗಿ ನಾಲಿಗೆಗೆ ಕೂರುತ್ತದೆ. ಸೇಬಿನ ಹುಳಿ ಚುರುಕು, ಕೆನ್ನೆಯ ಒಳಗೆ ಝುಂ ಅನ್ನುತ್ತದೆ. ಮೊಸರಿನದು ಮೆತ್ತಗೆ, ದುಂಡಗೆ. ಕಣ್ಣು ಮುಚ್ಚಿ ಯಾರಾದರೂ ಕೊಟ್ಟರೂ ಯಾವುದು ಯಾವುದು ಅಂತ ಹೇಳಬಲ್ಲಿರಿ, ಅಲ್ವಾ? ಹಾಗಾದರೆ ಅರ್ಧ ದಾರಿ ಬಂದಿದ್ದೀರಿ.

ಈಗ ಶಬ್ಲಿಯಲ್ಲಿ ನಡೆಯುವುದನ್ನು ಕೇಳಿ. ದ್ರಾಕ್ಷಿ ರಸ ಹುದುಗಿ ವೈನ್ ಆದ ಮೇಲೆ ಇನ್ನೊಂದು ಬದಲಾವಣೆ ಆಗುತ್ತದೆ. ಬ್ಯಾಕ್ಟೀರಿಯಾಗಳು ಸೇಬಿನ ಚುರುಕು ಹುಳಿಯನ್ನು ಮೊಸರಿನ ಮೆತ್ತಗಿನ ಹುಳಿಯಾಗಿ ಮಾರ್ಪಡಿಸುತ್ತವೆ. ಇದಕ್ಕೆ ಮ್ಯಾಲೊಲ್ಯಾಕ್ಟಿಕ್ ಅನ್ನುತ್ತಾರೆ. ಶಬ್ಲಿಯ ಹೆಚ್ಚಿನ ವೈನ್‌ಗಳು ಇದನ್ನು ದಾಟಿಯೇ ಬಾಟಲಿ ಸೇರುತ್ತವೆ. ಆದರೂ ಇಷ್ಟು ಹುಳಿ ಉಳಿದಿದೆ ಅಂದರೆ ಮೊದಲು ಎಷ್ಟಿದ್ದಿರಬೇಕು ನೋಡಿ!

ಶಬ್ಲಿ ಬಾಟಲಿಯ ತಳದಲ್ಲೋ ಕಾರ್ಕಿನ ಒಳಮೈಗೋ ಕೆಲವೊಮ್ಮೆ ಸಕ್ಕರೆ ಹರಳಿನಂಥ ಬಿಳಿ ಚೂರು ಕಾಣುತ್ತದೆ. ಗಾಜು ಒಡೆದಿದೆ ಅಂತ ಗಾಬರಿಯಾಗಬೇಡಿ. ಅದು ಟಾರ್ಟಾರಿಕ್ ಆಮ್ಲದ ಉಪ್ಪು, ಚಳಿಗೆ ಹರಳುಗಟ್ಟಿದ್ದು. ಏನೂ ತೊಂದರೆ ಇಲ್ಲ. ಕೊನೆಯ ಗ್ಲಾಸನ್ನು ನಿಧಾನವಾಗಿ ಸುರಿದರೆ ಸಾಕು.

ಬಾಟಲಿ ಆರಿಸುವುದು

ಲೇಬಲ್ ಮೇಲೆ ಕೆಳಗಿನಿಂದ ಮೇಲಕ್ಕೆ ನಾಲ್ಕು ದರ್ಜೆ ಕಾಣಬಹುದು: ಪೆತಿ ಶಬ್ಲಿ, ಶಬ್ಲಿ, ಶಬ್ಲಿ ಪ್ರೆಮಿಯೆ ಕ್ರು, ಶಬ್ಲಿ ಗ್ರಾಂ ಕ್ರು. ಇದು ತೋಟ ಎಲ್ಲಿದೆ ಅನ್ನುವುದರ ಲೆಕ್ಕ. ಪೆತಿ ಶಬ್ಲಿ ಹೆಚ್ಚಾಗಿ ಗುಡ್ಡದ ನೆತ್ತಿಯ ಬಯಲಿನದು. ಗ್ರಾಂ ಕ್ರು ಪಟ್ಟಣದ ಎದುರಿಗೆ, ಹೊಳೆಯ ಬಲದಂಡೆಯ ಒಂದೇ ಇಳಿಜಾರಿನಲ್ಲಿದೆ. ನೈಋತ್ಯಕ್ಕೆ ಮುಖ ಮಾಡಿರುವ ಈ ಇಳಿಜಾರಿಗೆ ಮಧ್ಯಾಹ್ನದ ಬಿಸಿಲು ಚೆನ್ನಾಗಿ ಬೀಳುತ್ತದೆ. ಸುಮಾರು 100 ಹೆಕ್ಟೇರ್ ಜಾಗ, ಅದರಲ್ಲೇ 7 ಹೆಸರು: ಲೆ ಕ್ಲೊ, ವೋದೆಸೀರ್, ವಾಲ್ಮ್ಯೂರ್, ಗ್ರೆನುಯ್, ಬ್ಲಾಂಶೊ, ಪ್ರೂಸ್, ಬೂಗ್ರೊ. ಪಟ್ಟಣದ ಸೇತುವೆ ಬಳಿ ನಿಂತರೆ ಆ ಗುಡ್ಡ ಕಣ್ಣೆದುರೇ ಇದೆ.

ಮೊದಲ ಸಲಕ್ಕೆ ಗ್ರಾಂ ಕ್ರು ಬೇಡ. ದುಡ್ಡಿನ ಮಾತು ಹಾಗಿರಲಿ, ಎಳೆಯ ಗ್ರಾಂ ಕ್ರು ಬಾಯಿ ಬಿಡುವುದಿಲ್ಲ. ವರ್ಷಗಟ್ಟಲೆ ಕಾಯಿಸುತ್ತದೆ. ಎರಡು ಮೂರು ವರ್ಷ ಹಳೆಯದಾದ ಸಾದಾ ಶಬ್ಲಿ ತನ್ನಿ. ಸಾಧ್ಯವಾದರೆ ಅದೇ ಉತ್ಪಾದಕರ, ಅದೇ ವರ್ಷದ ಒಂದು ಪ್ರೆಮಿಯೆ ಕ್ರು ಕೂಡ ತನ್ನಿ, ಉದಾಹರಣೆಗೆ ಮೊಂಮಾಂ, ವಾಯೋಂ ಅಥವಾ ಫುರ್ಶೋಮ್ ಎಂಬ ತೋಟದ್ದು. ಒಂದೇ ಗ್ಲಾಸ್ ಮುಂದಿಟ್ಟುಕೊಂಡು ಇದರಲ್ಲಿ ಏನಿದೆ ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ಎರಡು ಗ್ಲಾಸ್ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಾನಾಗಿ ಮಾತಾಡುತ್ತದೆ. ನಾಲ್ಕು ಜನ ಸೇರಿ ದುಡ್ಡು ಹಾಕಿ ಎರಡು ಬಾಟಲಿ ತಂದರೆ ಒಬ್ಬೊಬ್ಬರಿಗೂ ಹಗುರ.

ಉತ್ಪಾದಕರ ಹೆಸರು ಗೊತ್ತಿಲ್ಲದವರು ಲಾ ಶಬ್ಲಿಸಿಯೆನ್‌ನಿಂದ ಶುರು ಮಾಡಬಹುದು. ಅದು 1923ರಲ್ಲಿ ರೈತರೇ ಕಟ್ಟಿಕೊಂಡ ಸಹಕಾರಿ ಸಂಘ. ನಾಲ್ಕೂ ದರ್ಜೆಯ ವೈನ್ ಅವರಲ್ಲಿದೆ. ಮರದ ಪೀಪಾಯಿಯ ಸೋಂಕೇ ಇಲ್ಲದ ಶಬ್ಲಿ ಬೇಕಿದ್ದರೆ ಲೂಯಿ ಮಿಶೆಲ್ ಅವರದು ಹುಡುಕಿ. ಅವರು ಉಕ್ಕಿನ ತೊಟ್ಟಿಯಲ್ಲೇ ಮಾಡುತ್ತಾರೆ. ರಾವೆನೊ, ದೋವಿಸಾ ಎಂಬ ಎರಡು ಮನೆತನಗಳ ವೈನನ್ನು ಜಗತ್ತೇ ಹುಡುಕುತ್ತದೆ. ಅವರು ಹೆಚ್ಚಾಗಿ ಹಳೆಯ ಪೀಪಾಯಿ ಬಳಸುತ್ತಾರೆ, ಹಾಗಾಗಿ ಮರದ ವಾಸನೆ ಮುಂದೆ ಬರುವುದಿಲ್ಲ. ಹೊಸ ಮರದ ವೆನಿಲ್ಲಾ ಘಮ ಏರಿ ಬರುವ ಶಬ್ಲಿ ನನಗೆ ಒಗ್ಗುವುದಿಲ್ಲ. ಇಷ್ಟು ಚಂದದ ಹುಳಿಯ ಮೇಲೆ ಕಂಬಳಿ ಹೊದಿಸುವುದು ಯಾಕೆ?

ಬೇರೆ ದೇಶದಲ್ಲಿರುವವರಿಗೆ ಒಂದು ಮಾತು. ಅಮೆರಿಕದಲ್ಲಿ ಬಹಳ ಹಿಂದಿನಿಂದ ದೊಡ್ಡ ಜಗ್ಗಿನಲ್ಲಿ ಬರುವ ಅಗ್ಗದ ಬಿಳಿ ವೈನಿಗೂ ಶಬ್ಲಿ ಅಂತ ಹೆಸರಿಡುತ್ತಾ ಬಂದಿದ್ದಾರೆ. ಅದಕ್ಕೂ ಈ ಊರಿಗೂ ಸಂಬಂಧ ಇಲ್ಲ. ಲೇಬಲ್ ಮೇಲೆ 'ಅಪೆಲಾಸಿಯೊಂ ಶಬ್ಲಿ ಕೊಂಟ್ರೊಲೆ' ಅಂತ ಇದೆಯಾ, ಫ್ರಾನ್ಸ್ ಹೆಸರಿದೆಯಾ ನೋಡಿ. ಬೆಂಗಳೂರಲ್ಲಿ ಕೊಳ್ಳುವವರು ಅಂಗಡಿಯ ಸೆಕೆಯನ್ನೂ ಗಮನಿಸಿ. ಬಿಸಿಲು ಬೀಳುವ ಗಾಜಿನ ಕಿಟಕಿಯಲ್ಲಿ ನಿಲ್ಲಿಸಿಟ್ಟ ಬಾಟಲಿ ಬೇಡ. ಕಾರ್ಕ್ ಮೇಲಕ್ಕೆ ಉಬ್ಬಿದ್ದರೆ ಅದು ಸೆಕೆ ತಿಂದ ಬಾಟಲಿ ಇರಬಹುದು. ಅಂಥದ್ದನ್ನು ಬಿಟ್ಟುಬಿಡಿ.

ತಣ್ಣಗೆ, ಆದರೆ ತೀರಾ ತಣ್ಣಗಲ್ಲ

ಐಸ್ ಹಾಕಬೇಡಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿಯಲೂಬೇಡಿ. ಫ್ರಿಜ್ಜಿನೊಳಗೆ 4-5 ಡಿಗ್ರಿ ಇರುತ್ತದೆ. ಅಷ್ಟು ತಂಪಿನಲ್ಲಿ ಪರಿಮಳ ಮೇಲೇಳುವುದಿಲ್ಲ, ಉಳಿಯುವುದು ಬರೀ ಹುಳಿ. ನಮ್ಮ ನೆಂಟರ "ಅಯ್ಯೋ" ಎನ್ನುವುದಕ್ಕೆ ಬಹಳ ಸಲ ಇದೇ ಕಾರಣ. ಸಾದಾ ಶಬ್ಲಿಗೆ 10 ಡಿಗ್ರಿ, ಗ್ರಾಂ ಕ್ರುಗೆ 12-13 ಡಿಗ್ರಿ ಸರಿ. ಥರ್ಮಾಮೀಟರ್ ಬೇಕಿಲ್ಲ. ಹೊರಗೆ ತೆಗೆದು ಇಪ್ಪತ್ತು ನಿಮಿಷ ಇಡಿ. ಬೇಸಿಗೆಯಾದರೆ ಹತ್ತು ನಿಮಿಷ ಸಾಕು, ಗ್ಲಾಸಿನಲ್ಲಿ ಇನ್ನಷ್ಟು ಏರುತ್ತದೆ.

ಗ್ಲಾಸ್ ಹೊಟ್ಟೆ ಅಗಲ, ಬಾಯಿ ಕಿರಿದು ಇರಲಿ. ಮೂರರಲ್ಲಿ ಒಂದು ಭಾಗ ಮಾತ್ರ ತುಂಬಿ. ಕಾಂಡದಲ್ಲಿ ಹಿಡಿಯಿರಿ.

ಬಣ್ಣ ನೋಡುವುದಕ್ಕೆ ಜಾಸ್ತಿ ಹೊತ್ತು ಬೇಡ. ಬಿಳಿ ಕಾಗದದ ಮುಂದೆ ಹಿಡಿದರೆ ಎಳೆಯ ಶಬ್ಲಿ ತೆಳು ಬಂಗಾರ, ಅಂಚಲ್ಲಿ ಒಂಚೂರು ಹಸಿರು. ಎಳೆಯ ವೈನಿನಲ್ಲೇ ಗಾಢ ಹಳದಿ ಕಂಡರೆ ಗಾಳಿ ತಾಗಿ ಕೆಟ್ಟಿದೆಯೋ ಅಂತ ಅನುಮಾನಪಡಿ.

ವಾಸನೆಯನ್ನು ಎರಡು ಸಲ ನೋಡಿ. ಮೊದಲು ಗ್ಲಾಸ್ ಅಲ್ಲಾಡಿಸದೆ. ಒದ್ದೆ ರಟ್ಟು, ಬೂಷ್ಟು ಹಿಡಿದ ಹಳೆಯ ಪೇಪರ್ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ಅದು ಎಷ್ಟು ಹೊತ್ತು ಬಿಟ್ಟರೂ ಹೋಗುವುದಿಲ್ಲ, ಬಾಟಲಿ ವಾಪಸ್ ಕೊಡಿ. ಕಡ್ಡಿ ಗೀರಿದ ವಾಸನೆ ಬಂದರೆ ಅದು ಗಂಧಕದ್ದು. ಗ್ಲಾಸ್ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಆಮೇಲೆ ತಿರುಗಿಸಿ ಇನ್ನೊಮ್ಮೆ ಮೂಸಿ. ನಿಂಬೆ ಸಿಪ್ಪೆ, ಹಸಿರು ಸೇಬು, ಬಿಳಿ ಹೂ, ಆಮೇಲೆ ಸಮುದ್ರದ ದಡದಲ್ಲಿ ಒದ್ದೆ ಚಿಪ್ಪಿನಿಂದ ಬರುವಂಥ ಒಂದು ಉಪ್ಪುಪ್ಪು ವಾಸನೆ. ಹೊನ್ನಾವರ, ಕುಮಟಾ ಕಡೆಯವರು ಈ ಕೊನೆಯದನ್ನು ಥಟ್ಟನೆ ಗುರುತಿಸುತ್ತಾರೆ. ಯಾವುದೂ ಸಿಗಲಿಲ್ಲವೇ? ಚಿಂತೆ ಬೇಡ, ಬಾಯಿಗೆ ಹೋಗಿ.

ಬಾಯಲ್ಲಿ

ಹಲ್ಲುಜ್ಜಿದ ಕೂಡಲೇ ವೈನ್ ರುಚಿ ನೋಡಬಾರದು. ಟೂತ್‌ಪೇಸ್ಟ್ ನಾಲಿಗೆಯನ್ನು ಕೆಡಿಸಿರುತ್ತದೆ. ಕಾಫಿ ಕುಡಿದಿದ್ದರೂ ಸ್ವಲ್ಪ ಬಿಡುವು ಕೊಡಿ. ಮೊದಲ ಗುಟುಕು ಬಾಯಿ ತೊಳೆಯುವುದಕ್ಕೆ ಮಾತ್ರ, ಅದರಿಂದ ಏನನ್ನೂ ತೀರ್ಮಾನಿಸಬೇಡಿ. "ಏನು ಹುಳಿ" ಅನ್ನುವವರೆಲ್ಲ ಇಲ್ಲೇ ನಿಂತುಬಿಡುತ್ತಾರೆ. ಎರಡನೆಯದಕ್ಕೆ ಬನ್ನಿ.

ಎರಡು ಟೀ ಚಮಚದಷ್ಟು ಬಾಯಿಗೆ ತೆಗೆದುಕೊಳ್ಳಿ. ನುಂಗಬೇಡಿ. ನಾಲಿಗೆಯ ಮೇಲೆ, ಅಡಿಗೆ, ಎರಡೂ ಕೆನ್ನೆಗೆ ತಾಗುವ ಹಾಗೆ ಹೊರಳಿಸಿ. ತುಟಿ ಸ್ವಲ್ಪ ತೆರೆದು ಗಾಳಿ ಒಳಗೆಳೆಯಿರಿ. ಸೊರ್ ಅಂತ ಸದ್ದಾಗುತ್ತದೆ, ಆಗಲಿ. ಆ ಗಾಳಿ ಪರಿಮಳವನ್ನು ಗಂಟಲ ಹಿಂದಿನಿಂದ ಮೂಗಿಗೆ ಒಯ್ಯುತ್ತದೆ. ಶಬ್ಲಿಯ ನೆಲಮಾಳಿಗೆಗಳಲ್ಲಿ ವೈನ್ ಮಾಡುವವರೇ ಹೀಗೆ ಸದ್ದು ಮಾಡುತ್ತಾ ನೋಡುತ್ತಾರೆ.

ಈಗ ನುಂಗಿ, ಇಲ್ಲವೇ ಉಗುಳಿ. ಉಗುಳುವುದಕ್ಕೆ ಅಲ್ಲಿ ಪಾತ್ರೆ ಇಟ್ಟಿರುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಕಾರ್ ಓಡಿಸುವವರಂತೂ ಉಗುಳಲೇಬೇಕು. ಫ್ರಾನ್ಸಿನಲ್ಲಿ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ, ಹೊಸದಾಗಿ ಲೈಸೆನ್ಸ್ ಪಡೆದವರಿಗೆ 0.2. ನಾಲ್ಕಾರು ನೆಲಮಾಳಿಗೆ ಸುತ್ತಿದರೆ ಅದನ್ನು ದಾಟುವುದು ಏನೂ ದೊಡ್ಡದಲ್ಲ.

ನನ್ನ ಮಟ್ಟಿಗೆ ನಿಜವಾದ ರುಚಿ ನೋಡುವುದು ಶುರುವಾಗುವುದು ವೈನ್ ಬಾಯಿಂದ ಹೋದ ಮೇಲೆ. ಬಾಯಿ ಮುಚ್ಚಿ, ತಲೆ ಸ್ವಲ್ಪ ಬಗ್ಗಿಸಿ, ಸುಮ್ನೆ ಇರಿ. ನಾಲಿಗೆಯ ಅಡಿಯಿಂದ, ಕೆನ್ನೆಯ ಒಳಗಿನಿಂದ ನೀರೂರುತ್ತದೆ. ಎಷ್ಟು ಬೇಗ, ಎಷ್ಟು ಹೊತ್ತು ಊರುತ್ತದೆ ಗಮನಿಸಿ. ಹುಳಿ ಎಷ್ಟಿದೆ ಅನ್ನುವುದಕ್ಕೆ ಇದಕ್ಕಿಂತ ನಂಬಿಕೆಯ ಅಳತೆ ಇಲ್ಲ.

ಆದರೆ ಹುಳಿ ಎಷ್ಟು ಅನ್ನುವುದಕ್ಕಿಂತ ಹೇಗೆ ಅನ್ನುವುದು ಮುಖ್ಯ. ಮೂರು ಬಟ್ಟಲಿನ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ತುದಿನಾಲಿಗೆಗೆ ಚುಚ್ಚಿ ತಟ್ಟನೆ ಮಾಯವಾಗುವ ಹುಳಿ ಬಡವಾದ ವೈನಿನದು. ಒಳ್ಳೆಯ ಶಬ್ಲಿಯಲ್ಲಿ ಹುಣಸೆ ನೀರಿನ ಹಾಗೆ ನೇರವಾದ ಒಂದು ಎಳೆ ಮುಂದಿನಿಂದ ಹಿಂದಿನವರೆಗೂ ಕಡಿಯದೆ ಹೋಗುತ್ತದೆ. ಅದರ ಸುತ್ತ ಮೊಸರಿನ ಮೆತ್ತನೆ ಇರುತ್ತದೆ. ವೈನನ್ನು ಯೀಸ್ಟಿನ ಗಸಿಯ ಮೇಲೆ ತಿಂಗಳುಗಟ್ಟಲೆ ಬಿಟ್ಟಿದ್ದರೆ ಈ ಮೆತ್ತನೆ ಇನ್ನೂ ಜಾಸ್ತಿ. ಹುಳಿ ಇದ್ದೂ ಬಾಯಿ ಒರಟಾಗುವುದಿಲ್ಲ. ಇನ್ನೊಂದು ಗುಟುಕು ಬೇಕು ಅನ್ನಿಸುತ್ತದೆ.

ಆಮೇಲೆ ಎಣಿಸಿ. ನುಂಗಿದ ಮೇಲೆ ಪರಿಮಳ ಎಷ್ಟು ಸೆಕೆಂಡ್ ಉಳಿಯಿತು? ಫ್ರೆಂಚರು ಇದಕ್ಕೆ ಒಂದು ಮಾನವನ್ನೇ ಇಟ್ಟುಕೊಂಡಿದ್ದಾರೆ, ಕೋದಲಿ ಅಂತ. ಒಂದು ಸೆಕೆಂಡ್ ಅಂದರೆ ಒಂದು ಕೋದಲಿ. ಹುಳಿಯನ್ನು ಎಣಿಸಬಾರದು, ಪರಿಮಳವನ್ನು ಎಣಿಸಬೇಕು. ಪೆತಿ ಶಬ್ಲಿ ಬೇಗ ಮುಗಿಯುತ್ತದೆ. ಪಾಪ, ಅದರ ಕೆಲಸ ದಾಹ ತಣಿಸುವುದು, ಅದನ್ನು ಚೆನ್ನಾಗಿ ಮಾಡುತ್ತದೆ. ಒಳ್ಳೆಯ ಪ್ರೆಮಿಯೆ ಕ್ರು ನಿಧಾನವಾಗಿ ಹೋಗುತ್ತದೆ. ಪಕ್ವವಾದ ಲೆ ಕ್ಲೊ ಕುಡಿದಾಗ ನಾನು ಎಣಿಕೆ ಮರೆತು ಕೂತಿದ್ದುಂಟು.

ಈಗ ಕಲ್ಲಿನ ಮಾತು. ಶಬ್ಲಿಯ ಬಗ್ಗೆ ಓದಿದರೆ ಕಿಮರಿಜಿಯನ್ ಮಣ್ಣಿನ ಹೆಸರು ಬಂದೇ ಬರುತ್ತದೆ. ಸುಮಾರು 15 ಕೋಟಿ ವರ್ಷದ ಹಿಂದೆ ಇಲ್ಲಿ ಬೆಚ್ಚಗಿನ, ಆಳವಿಲ್ಲದ ಸಮುದ್ರ ಇತ್ತು. ಆಗಿನ ಸಣ್ಣ ಸಿಂಪಿಗಳು ಸುಣ್ಣಕಲ್ಲಿನಲ್ಲಿ, ಜೇಡಿಯಲ್ಲಿ ಪಳೆಯುಳಿಕೆಯಾಗಿ ಕೂತಿವೆ. ಅಲ್ಪವಿರಾಮದ ಆಕಾರದ ಇವನ್ನು ತೋಟದ ದಾರಿಯಲ್ಲೇ ನೋಡಬಹುದು. ಮಕ್ಕಳಿಗೆ ತೋರಿಸಿದರೆ ಬಹಳ ಖುಷಿ. ವೈನಿನಲ್ಲಿ ಬರುವ ಚಿಪ್ಪಿನ ರುಚಿ ಈ ಚಿಪ್ಪಿನಿಂದಲೇ ಬಂತು ಅಂತ ಹೇಳುವವರಿದ್ದಾರೆ. ಆದರೆ ಬೇರು ಕಲ್ಲಿನ ರುಚಿ ಹೀರಿ ಹಣ್ಣಿಗೆ ಸಾಗಿಸುವುದಿಲ್ಲ. ಮಣ್ಣಿನ ಕೆಲಸ ಬೇರೆ: ಜೇಡಿ ನೀರು ಹಿಡಿಯುತ್ತದೆ, ಸುಣ್ಣಕಲ್ಲು ಹೆಚ್ಚಾದದ್ದನ್ನು ಬಸಿಯುತ್ತದೆ, ಬಳ್ಳಿ ಹದವಾಗಿ ಬೆಳೆಯುತ್ತದೆ. ನಾಲಿಗೆಗೆ ಕಲ್ಲು ಅನ್ನಿಸುವುದರಲ್ಲಿ ಹುಳಿಯದೂ ಗಂಧಕದ ಕೆಲವು ಸಂಯುಕ್ತಗಳದೂ ಪಾಲಿದೆ. ಹಾಗಂತ ಆ ಅನುಭವ ಸುಳ್ಳಲ್ಲ. ನಿಮಗೆ ಚಿಪ್ಪು ಅನ್ನಿಸಿದರೆ ಚಿಪ್ಪು ಅಂತಲೇ ಹೇಳಿ.

ಎರಡನೆಯ ಸುತ್ತಿಗೆ ಬಂದವರು ವರ್ಷಗಳನ್ನು ಹೋಲಿಸಿ. ಸಿಕ್ಕರೆ 2018 ಮತ್ತು 2021 ಪಕ್ಕಪಕ್ಕ ಇಡಿ. 2018 ಬಿಸಿಲಿನ ವರ್ಷ, ಫಸಲೂ ಜೋರು. ಹಣ್ಣು ದುಂಡಗೆ, ಹುಳಿ ಮೆತ್ತಗೆ. 2021ರ ಏಪ್ರಿಲ್‌ನಲ್ಲಿ ಚಿಗುರಿನ ಮೇಲೆ ಹಿಮ ಬಿತ್ತು. ಅಂಥ ರಾತ್ರಿಗಳಲ್ಲಿ ಶಬ್ಲಿಯ ರೈತರು ಮಲಗುವುದಿಲ್ಲ. ಸಾಲುಸಾಲಾಗಿ ದೊಡ್ಡ ಮೇಣದ ಡಬ್ಬಿ ಹಚ್ಚುತ್ತಾರೆ. ಕೆಲವು ಕಡೆ ಚಿಗುರಿಗೆ ನೀರು ಚಿಮುಕಿಸುತ್ತಾರೆ. ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖವೇ ಚಿಗುರನ್ನು ಕಾಯುತ್ತದೆ. ಇಷ್ಟೆಲ್ಲ ಮಾಡಿದರೂ ಆ ವರ್ಷ ಬಹಳ ಬೆಳೆ ಹೋಯಿತು. ಉಳಿದ ದ್ರಾಕ್ಷಿ ತಣ್ಣನೆಯ ಬೇಸಿಗೆಯಲ್ಲಿ ಹಣ್ಣಾಯಿತು. ಅದರ ಹುಳಿ ಚೂಪು. ಎರಡನ್ನೂ ಕುಡಿದರೆ ಹವಾಮಾನ ಅಂದರೇನು ಅಂತ ಕೆನ್ನೆಗೇ ಗೊತ್ತಾಗುತ್ತದೆ.

ಊಟದ ಜೊತೆ

ಫ್ರೆಂಚರು ಶಬ್ಲಿಯನ್ನು ಹಸಿ ಸಿಂಪಿಯ ಜೊತೆ ಕುಡಿಯುತ್ತಾರೆ. ಸಿಂಪಿ ಬೇಡದವರಿಗೆ ಇಲ್ಲಿಯ ಮೇಕೆ ಹಾಲಿನ ಚೀಸ್, ಕೊಂತೆ ಚೀಸ್ ಚೆನ್ನಾಗಿ ಹೊಂದುತ್ತವೆ. ಬರ್ಗಂಡಿಯ ಗುಜೇರ್ ಎಂಬ ಚೀಸಿನ ಉಬ್ಬು ತಿಂಡಿಯೂ ಚಂದ, ಅದರಲ್ಲಿ ಮೊಟ್ಟೆ ಇರುತ್ತದೆ ಅಷ್ಟೇ.

ನಮ್ಮ ಅಡುಗೆಗೆ ಎರಡು ವಿಷಯ ನೆನಪಿರಲಿ. ಉಪ್ಪು ವೈನಿನ ಹುಳಿಯನ್ನು ಮೆತ್ತಗೆ ಮಾಡುತ್ತದೆ. ಸಿಹಿ ಅದನ್ನು ಇನ್ನೂ ಹೆಚ್ಚಿಸುತ್ತದೆ. ಹಾಗಾಗಿ ಬೆಲ್ಲ ಬಿದ್ದ ಗೊಜ್ಜು, ಸಿಹಿ ಸಾಂಬಾರ್ ಜೊತೆ ಒಣ ವೈನ್ ಕುಡಿದರೆ ಮುಖ ಕಿವಿಚಬೇಕಾಗುತ್ತದೆ. ಖಾರವೂ ಬೇಡ, ಆಲ್ಕೋಹಾಲ್ ಉರಿಯುತ್ತದೆ. ನನ್ನ ಮನೆಯಲ್ಲಿ ಗೆದ್ದದ್ದು ಸೌತೆಕಾಯಿ, ಹೆಸರುಬೇಳೆ ಕೋಸಂಬರಿ. ಹಸಿಮೆಣಸು ಬಿಟ್ಟು, ನಿಂಬೆ ಕಮ್ಮಿ ಮಾಡಿ, ಉಪ್ಪು ಸರಿಯಾಗಿ ಹಾಕಿ. ನೀರುದೋಸೆಗೆ ಬರೀ ತೆಂಗಿನಕಾಯಿ ಚಟ್ನಿ ಇದ್ದರೂ ಒಳ್ಳೆಯದು. ಮೀನು ತಿನ್ನುವವರು ಕಾಣೆಯನ್ನು ಉಪ್ಪು, ಅರಿಶಿನ ಮಾತ್ರ ಹಚ್ಚಿ ರವೆಯಲ್ಲಿ ಹುರಿದುಕೊಳ್ಳಿ. ಸಿಂಪಿಗಿಂತ ಇದೇ ಮೇಲು ಅಂತ ನಾನು ಯಾವ ಫ್ರೆಂಚರ ಮುಂದೆಯೂ ಹೇಳುತ್ತೇನೆ.

ಬಾಟಲಿ ಒಂದೇ ಸಂಜೆಗೆ ಮುಗಿಸಬೇಕಿಲ್ಲ. ಕಾರ್ಕ್ ಒತ್ತಿ ಫ್ರಿಜ್ಜಿನಲ್ಲಿಟ್ಟು ಮಾರನೆಯ ದಿನ ಅದೇ ಗ್ಲಾಸಿನಲ್ಲಿ ಮತ್ತೆ ರುಚಿ ನೋಡಿ. ಎಳೆಯ ಪ್ರೆಮಿಯೆ ಕ್ರು ಎಷ್ಟೋ ಸಲ ಮೊದಲ ದಿನಕ್ಕಿಂತ ಚೆನ್ನಾಗಿ ಬಿಚ್ಚಿಕೊಂಡಿರುತ್ತದೆ. ಮೂರನೆಯ ದಿನಕ್ಕೆ ಕಂದಿದ ಸೇಬಿನ ವಾಸನೆ ಶುರುವಾದರೆ ಕುಡಿಯುವುದು ಸಾಕು. ಉಳಿದದ್ದಕ್ಕೆ ಬೆಣ್ಣೆ, ಈರುಳ್ಳಿ ಸೇರಿಸಿ ಅಣಬೆ ಬೇಯಿಸಿ.